ಗೋಲ್ಕೊಂಡದಿಂದ ಗಂಡಿಕೋಟಕ್ಕೆ: ಇನ್ನೊಂದು ‘ಹೈದರಾಬಾದ್ ಕರ್ನಾಟಕ’ದ ದಾರಿ

ಕಳೆದ ವಾರದ ವಿಡಿಯೋ ನೋಡಿದವರಿಗೆ ಇದರಲ್ಲಿ ಅರ್ಧ ಗೊತ್ತಿರುತ್ತೆ. ಮಾತಾಡುವಾಗ ಬಿಟ್ಟುಹೋದದ್ದನ್ನ ಸೇರಿಸಿ, ಅಲ್ಲಲ್ಲಿ ತಡವರಿಸಿದ್ದನ್ನ ತಿದ್ದಿ ಬರೆದಿದ್ದೇನೆ.

ಕೊಂಡಾಪುರದಲ್ಲಿ ಇರೋ ನಮ್ಮಂಥವರಿಗೆ ಗಂಡಿಕೋಟ ಹೊಸದಲ್ಲ. ಮೂರು ದಿನ ರಜೆ ಸಿಕ್ಕರೆ ಟೀಮಿನಲ್ಲಿ ಯಾರಾದರೂ ಒಬ್ಬರು ಅಲ್ಲಿಗೆ ಹೋಗಿಯೇ ಇರ್ತಾರೆ. ಬಂಡೆ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಫೋಟೋ, ಕೆಳಗೆ ಕೆಂಪು ಕಲ್ಲಿನ ಕಂದರ, ಮೇಲೆ ‘ಇಂಡಿಯಾದ ಗ್ರ್ಯಾಂಡ್ ಕ್ಯಾನ್ಯನ್’ ಅಂತ ಒಂದು ಸಾಲು. ನಾವೂ ಡಿಸೆಂಬರಿನಲ್ಲಿ ಹೋಗಿದ್ವಿ. ನಾನು, ಹೆಂಡತಿ, ಮೂರನೇ ಕ್ಲಾಸಿನ ಮಗಳು, ಊರಿಂದ ಬಂದಿದ್ದ ಅವ್ವ. ಹೊರಡೋ ಮುಂಚೆ ಅವ್ವ ಕೇಳಿದ್ದು ಒಂದೇ ಮಾತು: “ಅಷ್ಟು ದೂರ ಹೊಂಟೀರಿ, ಮಲ್ಲಯ್ಯನ ಕಡೆ ಹಾದು ಬರಾಕ ಏನಾಗ್ತೈತಿ?” ಆ ಒಂದು ಮಾತಿನಿಂದಾಗಿ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಯ್ತು. ಹೋದದ್ದು ಕರ್ನೂಲಿನ ಮೇಲೆ, ವಾಪಸ್ ಬಂದದ್ದು ನಲ್ಲಮಲ ಕಾಡಿನೊಳಗೆ ಶ್ರೀಶೈಲದ ಮೇಲೆ. ಈ ಎರಡೂ ದಾರಿಗಳ ಬಗ್ಗೆ ಓದ್ತಾ ಹೋದಾಗ ಗೊತ್ತಾಯ್ತು, ಒಂದು ಸೈನ್ಯ ಮತ್ತು ವಜ್ರದ ದಾರಿ, ಇನ್ನೊಂದು ನಮ್ಮ ಜನ ಬರಿಗಾಲಲ್ಲಿ ನಡೆದ ದಾರಿ.

ಬೆಳಿಗ್ಗೆ ನಾಲ್ಕೂವರೆಗೆ ಬೊಟಾನಿಕಲ್ ಗಾರ್ಡನ್ ದಾಟಿ, ಗಚ್ಚಿಬೌಲಿಯಲ್ಲಿ ಔಟರ್ ರಿಂಗ್ ರೋಡ್ ಹತ್ತಿ, ಶಂಶಾಬಾದಿನಲ್ಲಿ ಬೆಂಗಳೂರು ಹೈವೇಗೆ ಇಳಿದ್ವಿ. ಗೋಲ್ಕೊಂಡ ಕೋಟೆ ನಮ್ಮನೆಯಿಂದ ಹದಿನೈದು ಕಿಲೋಮೀಟರ್ ಒಳಗೇ ಇದೆ. ಅದನ್ನ ಇಲ್ಲೇ ಹೇಳಿಬಿಡ್ತೀನಿ, ಯಾಕೆಂದರೆ ಮುಂದಿನ ಕಥೆ ಶುರುವಾಗೋದು ಅಲ್ಲಿಂದ.

ಬೀಚುಪಲ್ಲಿಯಲ್ಲಿ ಕೃಷ್ಣಾ ದಾಟಿದರೆ ಮುಂದೆ ಕರ್ನೂಲಿನಲ್ಲಿ ತುಂಗಭದ್ರೆ. ಎರಡರ ನಡುವಿನ ಗದ್ವಾಲ–ಆಲಂಪುರ ಪ್ರದೇಶಕ್ಕೆ ಇಲ್ಲಿಯವರು ನಡಿಗಡ್ಡ ಅಂತಾರೆ. ನಾನು ರಾಯಚೂರು ಜಿಲ್ಲೆಯವನು. ಹಳೆಗನ್ನಡ ಶಾಸನಗಳಲ್ಲಿ ನಮ್ಮ ಸೀಮೆಯ ಹೆಸರು ಎಡೆದೊರೆ ನಾಡು. ಎಡೆ, ತೊರೆ: ಎರಡು ಹೊಳೆಗಳ ನಡುವಿನ ನೆಲ. ನಡಿಗಡ್ಡ ಅಂದರೂ ಅದೇ ಅರ್ಥ, ಅದೇ ನೆಲದ ಪೂರ್ವದ ತುದಿ. ಆಲಂಪುರದ ನವಬ್ರಹ್ಮ ಗುಡಿಗಳನ್ನ ಕಟ್ಟಿದವರು ಬಾದಾಮಿ ಚಾಲುಕ್ಯರು, ಏಳು–ಎಂಟನೇ ಶತಮಾನದಲ್ಲಿ. ಪಟ್ಟದಕಲ್ಲು ನೋಡಿದವರಿಗೆ ಆ ಶಿಖರಗಳನ್ನ ಪರಿಚಯ ಮಾಡಿಸಬೇಕಾಗಿಲ್ಲ. ನಾವು ನಿಂತದ್ದು ಅರ್ಧ ಗಂಟೆ ಮಾತ್ರ. ಅದಕ್ಕೊಂದು ಬೇರೆ ವಿಡಿಯೋನೇ ಬೇಕು.

ಕರ್ನೂಲು ದಾಟುವಾಗ ಒಂದು ದಿನಾಂಕ ನೆನಪಿಡಿ: 1953ರ ಅಕ್ಟೋಬರ್ 1. ಅವತ್ತು ಆಂಧ್ರ ರಾಜ್ಯ ಹುಟ್ಟಿ ಕರ್ನೂಲು ಅದರ ರಾಜಧಾನಿ ಆಯ್ತು. ಅವತ್ತೇ ಬಳ್ಳಾರಿ ಮೈಸೂರಿಗೆ ಬಂತು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಗೆರೆ ಎಳೆದ ಮೇಲೂ ಊಟ ಮಾತ್ರ ಗೆರೆ ದಾಟಿಕೊಂಡೇ ಇದೆ. ತಿಂಡಿಗೆ ನಿಲ್ಲಿಸಿದ ಕಡೆ ‘ಉಗ್ಗಾನಿ ಬಜ್ಜಿ’ ತಂದಿಟ್ಟರು. ಅವ್ವ ತಟ್ಟೆ ನೋಡಿ ನಕ್ಕರು. ನಮ್ಮ ಮಂಡಕ್ಕಿ ಒಗ್ಗರಣಿ, ಮಿರ್ಚಿ! ಉಗ್ಗಾನಿ ಅನ್ನೋ ಹೆಸರೂ ಒಗ್ಗರಣೆಯ ತಂಗಿಯೇ ಇರಬೇಕು ಅಂತ ನನ್ನ ಅನುಮಾನ.

ಅಲ್ಲಿಂದ ಮುಂದೆ ನೆಲದ ಬಣ್ಣ ಬದಲಾಗುತ್ತೆ. ಚಪ್ಪಟೆ ತಲೆಯ ಎರ್ರಮಲ ಗುಡ್ಡಗಳು, ಕುರುಚಲು ಗಿಡ, ರಸ್ತೆ ಬದಿ ಪಾಲಿಷ್ ಕಲ್ಲಿನ ಕಾರ್ಖಾನೆಗಳು. ಮರುಭೂಮಿ ಅಂತ ಕರೆಯೋಕಾಗಲ್ಲ, ಆದರೆ ಮಧ್ಯಾಹ್ನ ಕಾರಿಂದ ಇಳಿದರೆ ಹಾಗೇ ಅನ್ಸುತ್ತೆ. ಮೊದಲ ಮಳೆ ಬಿದ್ದಾಗ ಕರ್ನೂಲು–ಅನಂತಪುರದ ಕೆಲವು ಹಳ್ಳಿಗಳಲ್ಲಿ ಜನ ಹೊಲದಲ್ಲಿ ಬಗ್ಗಿ ವಜ್ರ ಹುಡುಕುತ್ತಾರೆ. ವಜ್ರಕರೂರು, ಜೊನ್ನಗಿರಿ, ತುಗ್ಗಲಿ ಅಂತ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತೆ. ಗೋಲ್ಕೊಂಡದ ವಜ್ರ ಅಂತ ಜಗತ್ತು ಹೇಳುತ್ತಲ್ಲ, ಗೋಲ್ಕೊಂಡದಲ್ಲಿ ಗಣಿಯೇ ಇರಲಿಲ್ಲ. ಅದು ಮಾರುಕಟ್ಟೆ. ಕಲ್ಲು ಬರ್ತಿದ್ದದ್ದು ಕೃಷ್ಣಾ ತೀರದಿಂದ, ಈ ಒಣ ಸೀಮೆಯಿಂದ.

ಬೇಲಂ ಗುಹೆಗಳನ್ನ ದಾರಿಯಲ್ಲೇ ನೋಡಿದ್ವಿ. 1884ರಲ್ಲಿ ಇವನ್ನ ಗುರುತಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಸುತ್ತಲಿನ ಶಿಲಾಯುಗದ ನೆಲೆಗಳನ್ನ ಹುಡುಕಾಡಿದವನೂ ಅವನೇ. ಗುಹೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ. ಒಳಗೆ ಸೆಕೆ ಜೋರು, ನೀರಿನ ಬಾಟಲಿ ಮರೆಯಬೇಡಿ.

ಈಗ ಗಂಡಿಕೋಟ. ಗಂಡಿ ಅಂದರೆ ತೆಲುಗಿನಲ್ಲಿ ಬೆಟ್ಟದ ನಡುವಿನ ಸಂದು. ಕನ್ನಡದಲ್ಲೂ ಕಂಡಿ, ಗಂಡಿ ಅಂದರೆ ಸಂದು, ತೂತು. ಆ ಗಂಡಿಯನ್ನ ಕೊರೆದದ್ದು ಪೆನ್ನಾ ನದಿ, ಕೊರೆಸಿಕೊಂಡದ್ದು ನೂರು ಕೋಟಿ ವರ್ಷಕ್ಕೂ ಹಳೆಯ ಕ್ವಾರ್ಟ್ಜೈಟ್ ಕಲ್ಲು. ಭೂವಿಜ್ಞಾನಿಗಳು ಆ ಕಲ್ಲಿನ ಪದರಕ್ಕೇ ಗಂಡಿಕೋಟದ ಹೆಸರಿಟ್ಟಿದ್ದಾರೆ. ಈ ಪೆನ್ನಾ ಬೇರೆ ಯಾರೂ ಅಲ್ಲ, ನಮ್ಮ ಉತ್ತರ ಪಿನಾಕಿನಿ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಕಡೆಯಿಂದ ಉತ್ತರಕ್ಕೆ ಹರಿದು, ಅನಂತಪುರ, ತಾಡಿಪತ್ರಿ ದಾಟಿ ಇಲ್ಲಿಗೆ ಬಂದು, ಆಮೇಲೆ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತೆ. ಬೆಂಗಳೂರಿನಲ್ಲಿದ್ದಾಗ ಸೂರ್ಯೋದಯ ನೋಡೋಕೆ ನಂದಿಗೆ ಹೋಗ್ತಿದ್ವಿ. ಹೈದರಾಬಾದಿಗೆ ಬಂದ ಮೇಲೆ ಸೂರ್ಯೋದಯ ನೋಡೋಕೆ ಅದೇ ನದಿಯ ಕೆಳಗಿನ ತಿರುವಿಗೆ ಬಂದ್ವಿ!

ಕೋಟೆಯ ಇತಿಹಾಸ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲ ಕಡೆ ಒಂದೇ ವಾಕ್ಯ: 1123ರಲ್ಲಿ, ಕಲ್ಯಾಣ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಅಧೀನದಲ್ಲಿದ್ದ ಕಾಪರಾಜ ಕಟ್ಟಿಸಿದ. ಕೋಡ್ ರಿವ್ಯೂ ಮಾಡಿ ಅಭ್ಯಾಸ ಆದವರಿಗೆ ಇಲ್ಲಿ ಏನೋ ಕುಟುಕಬೇಕು. ಆಹವಮಲ್ಲ ಅಂದರೆ ಒಂದನೇ ಸೋಮೇಶ್ವರ. ಅವನು ಆಳಿದ್ದು 1042ರಿಂದ 1068. ಕಾಯಿಲೆ ವಾಸಿಯಾಗದೆ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. 1123ರಲ್ಲಿ ಕಲ್ಯಾಣದ ಸಿಂಹಾಸನದ ಮೇಲಿದ್ದವನು ಅವನ ಮಗ ಆರನೇ ವಿಕ್ರಮಾದಿತ್ಯ. ಅಂದರೆ ವರ್ಷ ಸರಿ ಇದ್ದರೆ ರಾಜ ತಪ್ಪು, ರಾಜ ಸರಿ ಇದ್ದರೆ ವರ್ಷ ತಪ್ಪು. ಒಬ್ಬರು ಬರೆದದ್ದನ್ನ ನೂರು ಜನ ಕಾಪಿ ಹೊಡೆದಿದ್ದಾರೆ. ಎರಡರಲ್ಲಿ ಯಾವುದೇ ಆಗಲಿ, ಶುರುವಿನ ಕಥೆ ಬಸವಕಲ್ಯಾಣದ ಕಡೆಗೇ ಬೆರಳು ತೋರಿಸುತ್ತೆ.

ನಂತರ ವಿಜಯನಗರದ ಕೆಳಗೆ ಪೆಮ್ಮಸಾನಿ ನಾಯಕರು ಇಲ್ಲಿಂದ ಆಳಿದರು. 1565ರಲ್ಲಿ ತಾಳಿಕೋಟೆ ಯುದ್ಧ ಆಯ್ತು, ಹಂಪಿ ಹಾಳಾಯ್ತು. ನಮ್ಮ ಶಾಲೆಯ ಪುಸ್ತಕ ಅಲ್ಲಿಗೆ ಬಾಗಿಲು ಹಾಕುತ್ತೆ. ಆದರೆ ಸಾಮ್ರಾಜ್ಯ ಪೆನುಕೊಂಡೆಗೆ, ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯುತ್ತಾ ಇನ್ನೂ ಎಂಬತ್ತು ವರ್ಷ ಉಸಿರಾಡ್ತು. ಅದನ್ನ ಬೆನ್ನಟ್ಟಿ ಪಶ್ಚಿಮದಿಂದ ವಿಜಾಪುರದವರು ಬಂದರು, ಪೂರ್ವದಿಂದ ಗೋಲ್ಕೊಂಡದವರು. ಗೋಲ್ಕೊಂಡದ ಸೈನ್ಯ ನಡೆಸಿದವನು ಮೀರ್ ಜುಮ್ಲಾ. ಹೆಸರು ಮುಹಮ್ಮದ್ ಸಯೀದ್, ಇರಾನಿನ ಆರ್ದಿಸ್ತಾನದ ಒಬ್ಬ ಎಣ್ಣೆ ವ್ಯಾಪಾರಿಯ ಮಗ. ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದವನು. ನಮ್ಮ ಥರಾನೇ ಅನ್ನಿ. ವಜ್ರ ವ್ಯಾಪಾರದಲ್ಲಿ ಕೈ ಪಳಗಿಸಿ, ಕುತುಬ್ ಶಾಹಿ ದರ್ಬಾರಿನಲ್ಲಿ ವಜೀರನಾಗಿ, 1640ರ ದಶಕದಲ್ಲಿ ದಕ್ಷಿಣಕ್ಕೆ ಹೊರಟ. 1650ರ ಸುಮಾರಿಗೆ ಗಂಡಿಕೋಟ ಅವನ ಕೈಗೆ ಬಂತು.

ಹೇಗೆ ಬಂತು ಅನ್ನೋದನ್ನ ಒಬ್ಬ ಫ್ರೆಂಚ್ ವ್ಯಾಪಾರಿ ಬರೆದಿಟ್ಟಿದ್ದಾನೆ. ಜ್ಯಾಂ ಬಾಪ್ತಿಸ್ತ್ ತವೆರ್ನಿಯೆ 1652ರಲ್ಲಿ ಇಲ್ಲಿಗೆ ಬಂದ. ಬೆಲೆಬಾಳುವ ಸರಕು ಹಿಡಿದು, ಮೊದಲು ಮೀರ್ ಜುಮ್ಲಾನಿಗೆ ತೋರಿಸಿ ಆಮೇಲೆ ಗೋಲ್ಕೊಂಡದ ರಾಜನ ಹತ್ತಿರ ಹೋಗೋಣ ಅಂತ. ಕೋಟೆಗೆ ಹತ್ತೋದು ಒಂದೇ ದಾರಿ, ಅದೂ ಬೆಟ್ಟ ಕಡಿದು ಮಾಡಿದ್ದು, ಬದಿಯಲ್ಲಿ ಪ್ರಪಾತ. ತೋಪುಗಳನ್ನ ಅಷ್ಟು ಎತ್ತರಕ್ಕೆ ಏರಿಸದೆ ಕೋಟೆ ಬೀಳಲ್ಲ. ಮೀರ್ ಜುಮ್ಲಾ ತನ್ನಲ್ಲಿದ್ದ ಯುರೋಪಿಯನ್ ತೋಪಿನವರಿಗೆ ಹೇಳಿದನಂತೆ: ಮೇಲೆ ಸಾಗಿಸಿ, ಮಾಮೂಲಿ ಸಂಬಳದ ಮೇಲೆ ನಾಲ್ಕು ತಿಂಗಳ ಸಂಬಳ ಕೊಡ್ತೀನಿ. ನಾಲ್ಕು ತೋಪು ಮೇಲೆ ಹೋದವು, ಬಾಗಿಲು ಬಿತ್ತು. ಬೋನಸ್ ಆಸೆಗೆ ಡೆಡ್‌ಲೈನ್ ಮುಟ್ಟಿಸೋದು ಗಚ್ಚಿಬೌಲಿಯಲ್ಲಿ ಶುರುವಾದದ್ದಲ್ಲ.

ತವೆರ್ನಿಯೆ ಕೊಡುವ ಇನ್ನೊಂದು ಚಿತ್ರ ನನ್ನ ಮನಸ್ಸಿನಿಂದ ಹೋಗ್ತಿಲ್ಲ. ನವಾಬ ಡೇರೆಯಲ್ಲಿ ಬರಿಗಾಲಲ್ಲಿ ಕೂತಿದ್ದಾನೆ. ಕಾಲ್ಬೆರಳ ಸಂದಿನಲ್ಲಿ ಕಾಗದಗಳು, ಎಡಗೈ ಬೆರಳ ಸಂದಿನಲ್ಲಿ ಇನ್ನಷ್ಟು ಕಾಗದಗಳು. ಒಮ್ಮೆ ಕಾಲಿಂದ ಒಂದು ಎಳೆದು, ಒಮ್ಮೆ ಕೈಯಿಂದ ಒಂದು ಎಳೆದು, ಇಬ್ಬರು ಗುಮಾಸ್ತರಿಗೆ ಉತ್ತರ ಹೇಳಿ ಬರೆಸ್ತಿದ್ದಾನೆ. ವಿಡಿಯೋದಲ್ಲಿ ಇದನ್ನ ಹೇಳಿ ನಾನು ನಕ್ಕಿದ್ದೆ. ಆದರೆ ಹೇಳದೆ ಬಿಟ್ಟದ್ದೂ ಇದೆ. ಅದೇ ಬೈಠಕ್ಕಿನಲ್ಲಿ ಅಪರಾಧಿಗಳ ಕೈಕಾಲು ಕತ್ತರಿಸುವ ಶಿಕ್ಷೆಗಳೂ ಆದವು. ಸುತ್ತಲಿನ ಗುಡಿಗಳ ತಾಮ್ರದ ವಿಗ್ರಹಗಳನ್ನ ತರಿಸಿ, ಕರಗಿಸಿ, ಒಬ್ಬ ಫ್ರೆಂಚ್ ಎರಕದವನ ಕೈಲಿ ತೋಪು ಮಾಡಿಸುವ ಕೆಲಸವೂ ಅಲ್ಲಿ ನಡೀತಿತ್ತು. ತವೆರ್ನಿಯೆ ಪ್ರಕಾರ ಒಂದು ತೋಪೂ ನೆಟ್ಟಗೆ ತಯಾರಾಗಲಿಲ್ಲ. ಈಗ ಕೋಟೆಯೊಳಗೆ ಮಾಧವರಾಯ ಗುಡಿಯ ಗೋಪುರ ಉಳಿದಿದೆ, ಗರ್ಭಗುಡಿ ಖಾಲಿ. ಆಚೆ ಕಡೆ ಜಾಮಾ ಮಸೀದಿ, ಅದರ ಪಕ್ಕ ದೊಡ್ಡ ಕಣಜ. ಮೂರನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಬಹುದು. ಫೋಟೋಗೆ ಚೆನ್ನಾಗಿರುತ್ತೆ, ಖಾಲಿ ಗರ್ಭಗುಡಿಯ ಮುಂದೆ ನಿಂತ ಅವ್ವನಿಗೆ ಹೇಳೋಕೆ ಮಾತ್ರ ನನಗೆ ಏನೂ ಹೊಳೀಲಿಲ್ಲ.

ಮೀರ್ ಜುಮ್ಲಾ ಗೆದ್ದ ಈ ನೆಲಕ್ಕೆ ಗೋಲ್ಕೊಂಡದ ದಫ್ತರದಲ್ಲಿ ಏನು ಹೆಸರು ಗೊತ್ತಾ? ಕರ್ನಾಟಕ. ವಿಜಯನಗರದ ಅರಸರು ತಮ್ಮದನ್ನ ಕರ್ನಾಟ ಸಾಮ್ರಾಜ್ಯ ಅಂತ ಕರ್ಕೊಂಡಿದ್ದರು. ರಾಜಧಾನಿ ಆಗ್ನೇಯಕ್ಕೆ ಸರಿದ ಹಾಗೆ ಹೆಸರೂ ಹಿಂದೆಯೇ ಸರಿಯಿತು. ಪಾರ್ಸಿ ದಾಖಲೆಗಳಲ್ಲಿ ಗೋಲ್ಕೊಂಡ ಗೆದ್ದ ಭಾಗ ‘ಕರ್ನಾಟಕ್-ಎ-ಹೈದರಾಬಾದಿ’, ವಿಜಾಪುರ ಗೆದ್ದ ಭಾಗ ‘ಕರ್ನಾಟಕ್-ಎ-ಬಿಜಾಪುರಿ’. ಇಂಗ್ಲಿಷರು ಮದರಾಸಿಗೆ ಬಂದಾಗ ಕೇಳಿಸಿಕೊಂಡದ್ದು ಅದೇ ಹೆಸರು, ಅವರ ಬಾಯಲ್ಲಿ ಕರ್ನಾಟಿಕ್ ಆಯ್ತು. ಆರ್ಕಾಟಿನ ನವಾಬ ಕರ್ನಾಟಿಕ್ ನವಾಬ ಆದದ್ದು, ಅವನ ಸುತ್ತ ನಡೆದ ಯುದ್ಧಗಳು ಕರ್ನಾಟಿಕ್ ಯುದ್ಧಗಳಾದದ್ದು ಹೀಗೆ.

ಅಂದರೆ ಮೊದಲ ‘ಹೈದರಾಬಾದ್ ಕರ್ನಾಟಕ’ ಅಂದರೆ ಕಡಪ, ಗಂಡಿಕೋಟ, ಸಿದ್ಧವಟ. ನಾನು ಹುಟ್ಟಿದ ಹೈದರಾಬಾದ್ ಕರ್ನಾಟಕ ಬೇರೆ. ಅದು ಬೀದರ್, ಗುಲ್ಬರ್ಗ, ರಾಯಚೂರು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಕೈಯಲ್ಲಿದ್ದ ಕನ್ನಡ ಜಿಲ್ಲೆಗಳು. 371ಜೆ ಸರ್ಟಿಫಿಕೇಟಿಗೆ ತಹಶೀಲ್ದಾರ್ ಆಫೀಸಿನ ಮುಂದೆ ಕ್ಯೂ ನಿಂತವರಿಗೆ ಆ ಹೆಸರಿನ ತೂಕ ಗೊತ್ತು. 2019ರಲ್ಲಿ ಅದನ್ನ ಕಲ್ಯಾಣ ಕರ್ನಾಟಕ ಅಂತ ಬದಲಾಯಿಸಿದರು. ಮೈಸೂರು ರಾಜ್ಯಕ್ಕೇ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಒಂದೇ ಹೆಸರು ಇಷ್ಟು ಮನೆ ಬದಲಿಸಿದೆ.

ಇದನ್ನ ಹೇಳಿದ ತಕ್ಷಣ ಕೆಲವರು ಕುಣಿಯೋಕೆ ಶುರು ಮಾಡ್ತಾರೆ ಅಂತ ಗೊತ್ತು. ‘ನೋಡಿ, ಕಡಪ ಕೂಡ ನಮ್ಮದೇ’ ಅಂತ. ದಯವಿಟ್ಟು ಬೇಡ. ಕಡಪ ಸೀಮೆಯ ಕಲಮಳ್ಳದಲ್ಲಿ ಆರನೇ ಶತಮಾನದ ತೆಲುಗು ಶಾಸನ ಇದೆ, ತೆಲುಗಿನ ಅತಿ ಹಳೆಯ ಶಾಸನಗಳಲ್ಲಿ ಒಂದು. ನಮ್ಮ ಆಫೀಸಿನಲ್ಲಿ ಕೃಷ್ಣದೇವರಾಯ ಕನ್ನಡದವನಾ ತೆಲುಗಿನವನಾ ಅಂತ ಊಟದ ಟೇಬಲ್ಲಿನಲ್ಲಿ ವರ್ಷಕ್ಕೆ ಎರಡು ಸಲ ಜಗಳ ಆಗುತ್ತೆ. ಕನ್ನಡರಾಜ್ಯ ರಮಾರಮಣ ಅಂತ ಬಿರುದು ಹೊತ್ತವನೇ ‘ಆಮುಕ್ತಮಾಲ್ಯದ’ವನ್ನ ತೆಲುಗಿನಲ್ಲಿ ಬರೆದ. ಅವನಿಗೆ ಎರಡೂ ಒಟ್ಟಿಗೆ ಆಗಿಬಂತು, ನಮಗೆ ಮಾತ್ರ ಒಂದು ಬಾಕ್ಸಿನಲ್ಲಿ ಟಿಕ್ ಹಾಕಬೇಕು. ನನ್ನ ಚಿಂತೆ ಕೃಷ್ಣದೇವರಾಯನದ್ದಲ್ಲ. ಮಗಳದ್ದು. ಕೊಂಡಾಪುರದ ಶಾಲೆಯಲ್ಲಿ ಅವಳಿಗೆ ತೆಲುಗು ಕಡ್ಡಾಯ, ಮನೆಯಲ್ಲಿ ಕನ್ನಡ ಮಾತು ಮಾತ್ರ. ಅಕ್ಷರ ಕಲಿಸ್ತೀನಿ ಅಂತ ಎರಡು ವರ್ಷದಿಂದ ಮುಂದೂಡ್ತಾ ಬಂದಿದ್ದೇನೆ. ಅವ್ವ ಊರಿಂದ ಕಳಿಸೋ ಕನ್ನಡ ಮೆಸೇಜನ್ನ ಅವಳಿಗೆ ನಾನು ಓದಿ ಹೇಳಬೇಕು.

ತವೆರ್ನಿಯೆ ಗಂಡಿಕೋಟದಿಂದ ಗೋಲ್ಕೊಂಡಕ್ಕೆ ಹೊರಟ, ಸರಿಸುಮಾರು ನಾವು ಬಂದ ದಿಕ್ಕಿಗೆ ಉಲ್ಟಾ. ದಾರಿಯಲ್ಲಿ ಸಿಕ್ಕ ದೊಡ್ಡ ಹೊಳೆಯನ್ನ ಹೇಗೆ ದಾಟಿದ ಅಂದರೆ, ಎತ್ತಿನ ಚರ್ಮ ಹೊದಿಸಿದ ದೊಡ್ಡ ಬುಟ್ಟಿಗಳಲ್ಲಿ. ತಳಕ್ಕೆ ಕಟ್ಟಿಗೆ ಹೊರೆ, ಅದರ ಮೇಲೆ ಜಮಖಾನ, ಸರಕು ನೆನೆಯದ ಹಾಗೆ. ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಗೊತ್ತೇ ಇದೆ. ಅಲ್ಲಿಂದ ಮೂರು–ನಾಲ್ಕು ವರ್ಷಕ್ಕೆ ಗೋಲ್ಕೊಂಡಕ್ಕೂ ಮೀರ್ ಜುಮ್ಲಾನಿಗೂ ಕೆಟ್ಟಿತು. ಅವನು ಬೆಳೆದ ರೀತಿಗೆ ಹೆದರಿದ ಸುಲ್ತಾನ 1655ರಲ್ಲಿ ಅವನ ಮಗನನ್ನ ಸೆರೆಹಿಡಿದ, ಅವನು ಮೊಗಲರ ಕಡೆ ಹಾರಿದ, ಅದೇ ನೆಪದಲ್ಲಿ ಔರಂಗಜೇಬ 1656ರಲ್ಲಿ ಹೈದರಾಬಾದಿನ ಮೇಲೆ ಬಿದ್ದ. 1800ರಲ್ಲಿ ನಿಜಾಮ ಈ ಜಿಲ್ಲೆಗಳನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿಯೂ ಅದೇ ಗಂಟಿನಲ್ಲಿ ಹೋಯ್ತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮೀರ್ ಜುಮ್ಲಾ 1663ರಲ್ಲಿ ಅಸ್ಸಾಮಿನ ದಂಡಯಾತ್ರೆ ಮುಗಿಸಿ ಬರುವಾಗ ಸತ್ತ. ಇರಾನಿನಿಂದ ಅಸ್ಸಾಮಿನವರೆಗೆ ಒಂದೇ ನೌಕರಿ ಜೀವನ.

ಎರಡನೇ ದಿನ ಜಮ್ಮಲಮಡುಗಿನಿಂದ ಹೊರಟು ನಂದ್ಯಾಲ, ಆತ್ಮಕೂರು. ಇಲ್ಲಿಂದ ಅವ್ವನ ಇತಿಹಾಸ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ಆತ್ಮಕೂರಿನಿಂದ ಕಾಡು ಹೊಗುತ್ತಾರೆ. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳ, ಕೈಲಾಸದ್ವಾರ. ಕಡಿದಾದ ಕಣಿವೆ ಇಳಿದು ಹತ್ತುವ ಕಲ್ಲಿನ ಮೆಟ್ಟಿಲುಗಳಿವೆ. ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದ ಕೀರ್ತಿ ಹದಿನಾಲ್ಕನೇ ಶತಮಾನದ ಪ್ರೋಲಯ ವೇಮಾರೆಡ್ಡಿಗೆ ಸಲ್ಲುತ್ತೆ. ರಾಜ ತೆಲುಗಿನವನು, ಇವತ್ತಿಗೂ ಯುಗಾದಿ ಹೊತ್ತಿಗೆ ಹತ್ತುವವರಲ್ಲಿ ಹೆಚ್ಚಿನವರು ಕನ್ನಡದವರು. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಅಂತ ಸೀರೆ, ಕುಪ್ಪಸ ಒಯ್ಯುತ್ತಾರೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಇಲ್ಲಿಗೆ ಅಕ್ಕಮಹಾದೇವಿ ಬಂದದ್ದು ಹನ್ನೆರಡನೇ ಶತಮಾನದಲ್ಲಿ. ಅದಕ್ಕೆ ಯಾವ ಸುಲ್ತಾನನ ಅಪ್ಪಣೆಯೂ ಬೇಕಾಗಿರಲಿಲ್ಲ, ಯಾವ ರಾಜ್ಯದ ಗಡಿಯೂ ಅಡ್ಡ ಬಂದಿಲ್ಲ.

ನಮ್ಮ ಅಜ್ಜಿ ಮಾನ್ವಿ ಕಡೆಯಿಂದ ನಾಲ್ಕು ಸಲ ಹೀಗೆ ನಡೆದಿದ್ದರು. ಅವ್ವ ಮದುವೆಯಾದ ಮೇಲೆ ಒಂದು ಸಲ ಜೊತೆಗೆ ಹೋಗಿದ್ದರಂತೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ, ನಾನು ಕೇಳಿರಲಿಲ್ಲ. ಆತ್ಮಕೂರು ದಾಟಿ ದೋರ್ನಾಲದ ಕಡೆ ಕಾಡಿನ ರಸ್ತೆಗೆ ಬಿದ್ದ ಮೇಲೆ ಅವರೇ ಶುರು ಮಾಡಿದರು. ಅಂಗಾಲಿಗೆ ಎಣ್ಣೆ ಅರಿಷಿಣ ಹಚ್ಚಿ ಬಟ್ಟೆ ಕಟ್ಟಿಕೊಂಡದ್ದು, ಭೀಮುನಿ ಕೊಳದ ಮೆಟ್ಟಿಲಲ್ಲಿ ಅಜ್ಜಿ ಎರಡು ಸಲ ಕೂತುಬಿಟ್ಟದ್ದು, ರೊಟ್ಟಿ ಮುಗಿದಾಗ ಒಬ್ಬ ತೆಲುಗು ಅಜ್ಜ ಅನ್ನ ಕೊಟ್ಟದ್ದು. “ಅವನ ಮಾತು ನಮಗ ತಿಳೀಲಿಲ್ಲ, ನಮ್ಮ ಮಾತು ಅವಗ ತಿಳೀಲಿಲ್ಲ. ಅನ್ನ ತಿಳೀತು” ಅಂದರು. ಕಿಟಕಿ ಆಚೆ ಒಣಗಿದ ನಲ್ಲಮಲ, ತಿರುವಿನ ಮೇಲೆ ತಿರುವು. ಮಗಳು ವಾಂತಿ ಬರುತ್ತೆ ಅಂತಿದ್ದವಳು ಅಜ್ಜಿಯ ಕಥೆಗೆ ಅದನ್ನೂ ಮರೆತಳು.

ಶ್ರೀಶೈಲದಲ್ಲಿ ದರ್ಶನ ಮುಗಿಸಿ ಹೊರಗೆ ಬಂದಾಗ ಒಂದು ಛತ್ರದ ಗೋಡೆ ಮೇಲೆ ಕನ್ನಡ ಬೋರ್ಡು ಇತ್ತು. ಅಲ್ಲಿ ಕನ್ನಡ ಬೋರ್ಡುಗಳಿಗೆ ಬರ ಇಲ್ಲ. ಮಗಳು ಅದು ತೆಲುಗು ಅಂದುಕೊಂಡು ಓದೋಕೆ ಶುರು ಮಾಡಿದಳು. ಮ ಸಿಕ್ಕಿತು, ಲ್ಲಿ ಸಿಕ್ಕಿತು. ಕಾ ಹತ್ತಿರ ನಿಂತಳು. ತೆಲುಗಿನ ಕ ಬೇರೆ ಥರ. ಅದನ್ನ ಊಹೆ ಮಾಡಿ ದಾಟಿದಳು. ಆಮೇಲೆ ‘ರ್ಜು’ ಬಂತು. ಜು ಆದ ಮೇಲೆ ಆ ಬಾಲ ಏನು ಅಂತ ಗೊತ್ತಾಗಲಿಲ್ಲ. ಅವಳ ತೆಲುಗು ಪುಸ್ತಕದಲ್ಲಿ ರ ಮೊದಲು ಬರುತ್ತೆ, ಜ ಕೆಳಗೆ ಒತ್ತಾಗುತ್ತೆ. ನಮ್ಮ ಅರ್ಕಾವೊತ್ತು ಹಳೆಯ ತೆಲುಗಿನಲ್ಲೂ ಇತ್ತು, ವಲಪಲಗಿಲಕ ಅಂತ ಅದಕ್ಕೆ ಹೆಸರು. ಅವರು ಅದನ್ನ ಬಿಟ್ಟರು, ನಾವು ಇಟ್ಟುಕೊಂಡ್ವಿ. ಇದನ್ನೆಲ್ಲ ನಾನು ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವಳ ಬೆರಳು ಹಿಡಿದು ಆ ಬಾಲದ ಮೇಲೆ ಗಾಳಿಯಲ್ಲೇ ಎಳೆದರು. “ಇದು ರ. ಹಿಂದ ಬರದೈತಿ, ಮುಂದ ಓದಬೇಕು.”

ಮಲ್ಲಿಕಾರ್ಜುನ ಅಂತ ಓದಿದಳು. ಆಮೇಲೆ ಪಕ್ಕದ ಬೋರ್ಡು, ಅದರ ಪಕ್ಕದ್ದು. ಹೆಂಡತಿ ಗಡಿಯಾರ ತೋರಿಸಿದಳು. ಅಮ್ರಾಬಾದ್ ಹುಲಿ ಕಾಡಿನ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೆ. ಡ್ಯಾಮಿನ ಹತ್ತಿರ ಇಳಿದು ಕೃಷ್ಣೆಯನ್ನ ದಾಟಿದ್ವಿ. ಗಂಡಿಕೋಟದ ಪಕ್ಕದ ಜಲಾಶಯಕ್ಕೆ ಈಗ ಕಾಲುವೆಯಲ್ಲಿ ಹೋಗೋದು ಇಲ್ಲಿಯ ನೀರೇ. ನಂದಿಯಿಂದ ಪೆನ್ನಾ ತರುವ ನೀರು ಬಹಳ ವರ್ಷ ಅಷ್ಟು ದೂರ ಮುಟ್ಟೋದೇ ಇಲ್ಲ. ಮನ್ನನೂರು ಚೆಕ್‌ಪೋಸ್ಟ್ ದಾಟಿದಾಗ ಎಂಟೂ ಮುಕ್ಕಾಲು. ಹಿಂದಿನ ಸೀಟಿನಲ್ಲಿ ಅವ್ವ ನಿದ್ದೆ ಹೋಗಿದ್ದರು, ಮಗಳು ಅವರ ಫೋನಿನಲ್ಲಿ ಹಳೆಯ ಮೆಸೇಜುಗಳನ್ನ ಒಂದೊಂದೇ ಅಕ್ಷರ ಕೂಡಿಸ್ತಿದ್ದಳು.